ಮೂಗಿಗೆ ಕಡ್ಡಿ ತಾಗಿದರೆ ಉಸಿರು ಶುರು, ಗಂಟಲಿಗೆ ನೀರು ತಾಗಿದರೆ ಉಸಿರು ಬಂದ್: ಎಳೆಗರುಗಳಲ್ಲಿ ಹೀಗೇಕೆ?

ಬನ್ನೂರು ಕೊಟ್ಟಿಗೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಎರಡು ಸಂಗತಿ ನಡೆದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಥವೇ ಆಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮೊದಲನೆಯದು ಕಳೆದ ವಾರದ್ದು. ನಮ್ಮ ಎಚ್‌ಎಫ್ ಕ್ರಾಸ್ ಹಸು ರಾತ್ರಿ ಒಂದೂವರೆಗೆ ನೋವು ತಿನ್ನಲು ಶುರು ಮಾಡಿತು. ನೀರಿನ ಚೀಲ ಒಡೆದು ಎರಡು ಗಂಟೆ ಆದರೂ ಮುಂಗಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೊನೆಗೆ ನಾನೂ ದೊಡ್ಡಪ್ಪನೂ ಹಸು ತಿಣುಕಿದಾಗಲೆಲ್ಲ ಎಳೆದು ಕರುವನ್ನು ಹೊರಗೆ ತಂದೆವು. ಹೋರಿಗರು. ನಾಲಿಗೆ ಹೊರಗೆ ಬಂದಿತ್ತು, ಕತ್ತು ಜೋತುಬಿದ್ದಿತ್ತು. ಪಕ್ಕೆ ಅಲ್ಲಾಡುತ್ತಿಲ್ಲ. ಎದೆ ಮೇಲೆ ಕೈ ಇಟ್ಟರೆ ಗುಂಡಿಗೆ ಮಾತ್ರ ಬಡಿಯುತ್ತಿತ್ತು.

ದೊಡ್ಡಪ್ಪ ಬಾಯಿಯ ಲೋಳೆಯನ್ನು ಬೆರಳಲ್ಲಿ ಬಳಿದು ತೆಗೆದರು. ಪಕ್ಕದಲ್ಲಿದ್ದ ಹುಲ್ಲಿನಿಂದ ಒಂದು ಕಡ್ಡಿ ಮುರಿದು ಮೂಗಿನ ಹೊಳ್ಳೆಗೆ ಹಾಕಿ ಮೆಲ್ಲಗೆ ತಿರುಗಿಸಿದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕರು ತಲೆ ಒದರಿ ಸೀನಿತು. ಅದರ ಹಿಂದೆಯೇ ಗಕ್ ಎಂದು ಉಸಿರೆಳೆಯಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಎಳೆಯಿತು. ಆಮೇಲೆ ನಿಲ್ಲಲಿಲ್ಲ. ಈಗ ಕೊಟ್ಟಿಗೆ ತುಂಬ ಓಡಾಡುತ್ತಿದೆ.

ಎರಡನೆಯದು ಎರಡು ವರ್ಷ ಹಳೆಯದು. ಹೆಣ್ಗರು. ಹುಟ್ಟುವಾಗ ಉಸಿರಾಟ ಚೆನ್ನಾಗಿಯೇ ಇತ್ತು, ಆದರೆ ಏಳಲು ಶಕ್ತಿ ಇರಲಿಲ್ಲ. ನೋಡಲು ಬಂದಿದ್ದವರೊಬ್ಬರು ಬೆಲ್ಲದ ನೀರು ಕುಡಿಸಿದರೆ ತ್ರಾಣ ಬರುತ್ತದೆ ಅಂದರು. ಗದ್ದ ಮೇಲೆತ್ತಿ ಹಿಡಿದು ದನಕ್ಕೆ ಔಷಧಿ ಕುಡಿಸುವ ಗೊಟ್ಟದಲ್ಲಿ ಹುಯ್ದರು. ಎರಡು ಗುಟುಕು ನುಂಗಿತು. ಉಸಿರು ನಿಂತೇ ಹೋಯಿತು. ದೊಡ್ಡ ದನಕ್ಕೆ ಗೊಟ್ಟ ಹಾಕುವಾಗ ತಪ್ಪಿದರೆ ಜೋರಾಗಿ ಕೆಮ್ಮುತ್ತದೆ ಅಲ್ವಾ? ಇದು ಕೆಮ್ಮಲೇ ಇಲ್ಲ. ಸುಮ್ನೆ ನಿಂತುಹೋಯಿತು. ನನ್ನ ಕೈಯಲ್ಲೇ ಸತ್ತಿತು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಮೂಗಿನಲ್ಲಿ ಒಂದು ಹುಲ್ಲುಕಡ್ಡಿ ನಿಂತ ಉಸಿರನ್ನು ಶುರು ಮಾಡಿತು. ಗಂಟಲಲ್ಲಿ ಎರಡು ಗುಟುಕು ನೀರು ನಡೆಯುತ್ತಿದ್ದ ಉಸಿರನ್ನು ನಿಲ್ಲಿಸಿತು. ಇದು ಹೇಗೆ?

ಹಳ್ಳಿ ಪಶುವೈದ್ಯ

ಮೊದಲು ನಿಮ್ಮ ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳಿ. ಬಾಯಿ ಬಳಿದು, ಆಮೇಲೆ ಕಡ್ಡಿ. ನಾನು ಬಂದಿದ್ದರೂ ಮೊದಲು ಅದನ್ನೇ ಮಾಡುತ್ತಿದ್ದೆ.

ಮೂಗಿನ ಒಳಗೋಡೆಯಲ್ಲಿ ಟ್ರೈಜೆಮಿನಲ್ ನರದ ತುದಿಗಳಿವೆ. ಮುಖದ ಮೇಲಿನ ಸ್ಪರ್ಶ, ನೋವು, ತಂಪು ಎಲ್ಲವನ್ನೂ ಮಿದುಳಿಗೆ ಮುಟ್ಟಿಸುವ ನರ ಅದು. ಕಡ್ಡಿ ತಾಗಿದ ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಉಸಿರನ್ನು ನಡೆಸುವ ನರಕೋಶಗಳು ಇರುವುದೂ ಅಲ್ಲೇ. ಅಲ್ಲಿಂದ ಅಪ್ಪಣೆ ವಪೆಗೆ ಬರುತ್ತದೆ. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ. ಅದು ಒಮ್ಮೆಗೇ ಕೆಳಗಿಳಿಯುತ್ತದೆ, ಕರು ಗಕ್ ಎಂದು ಗಾಳಿ ಎಳೆಯುತ್ತದೆ. ಇದರಲ್ಲಿ ಕರುವಿನ ಇಚ್ಛೆ ಏನೂ ಇಲ್ಲ. ಶಾಲೆಯಲ್ಲಿ ಪರಾವರ್ತಿತ ಪ್ರತಿಕ್ರಿಯೆ ಅಂತ ಓದಿದ್ದು ಇದನ್ನೇ. ನಾವು ರಿಫ್ಲೆಕ್ಸ್ ಅನ್ನುತ್ತೇವೆ.

ತಾಯಿ ಹಸು ಕರುವನ್ನು ಒರಟು ನಾಲಿಗೆಯಿಂದ ನೆಕ್ಕುವುದೂ ಇದೇ ಕೆಲಸ ಮಾಡುತ್ತದೆ. ಚರ್ಮದ ನರಗಳೂ ಅದೇ ಜಾಗಕ್ಕೆ ಸುದ್ದಿ ಕಳಿಸುತ್ತವೆ. ಹಸು ಸುಸ್ತಾಗಿದ್ದರೆ ಆ ಕೆಲಸ ನಾವು ಮಾಡಬೇಕು. ಒಣ ಗೋಣಿತಾಟಿನಲ್ಲಿ ಪಕ್ಕೆ, ಬೆನ್ನು ಗಟ್ಟಿಯಾಗಿ ಉಜ್ಜಬೇಕು. ಕರುವಿನ ಎದೆ ನೆಲಕ್ಕೆ ಊರುವಂತೆ ಎದೆಯ ಮೇಲೆ ಕೂರಿಸಿ, ಹಿಂಗಾಲುಗಳನ್ನು ಎರಡೂ ಕಡೆ ಮುಂದಕ್ಕೆ ತಂದು ಇಡಬೇಕು. ಆಗ ಎರಡೂ ಶ್ವಾಸಕೋಶಗಳು ಸಮನಾಗಿ ಹಿಗ್ಗುತ್ತವೆ. ಪಕ್ಕಕ್ಕೆ ಮಲಗಿಸಿದರೆ ಕೆಳಗಿನದು ಒತ್ತಿಹೋಗುತ್ತದೆ.

ಇನ್ನೊಂದು ಮಾತು. ನೀವು ಎದೆ ಮೇಲೆ ಕೈ ಇಟ್ಟು ಗುಂಡಿಗೆ ಬಡಿಯುತ್ತಿದೆಯಾ ಅಂತ ನೋಡಿದಿರಿ. ಅದು ಬಹಳ ಮುಖ್ಯ. ಹುಟ್ಟುವಾಗ ಆಮ್ಲಜನಕ ಸಿಗದೆ ಒದ್ದಾಡಿದ ಮರಿ ಒಮ್ಮೆ ಉಸಿರು ನಿಲ್ಲಿಸುತ್ತದೆ. ಇದು ಮೊದಲ ನಿಲುಗಡೆ. ಆಗ ಗುಂಡಿಗೆ ಬಡಿಯುತ್ತಿರುತ್ತದೆ. ಈ ಹೊತ್ತಲ್ಲಿ ಕಡ್ಡಿ, ಉಜ್ಜುವುದು, ತಂಪು ಎಲ್ಲದಕ್ಕೂ ಮರಿ ಓಗೊಡುತ್ತದೆ. ಏನೂ ಮಾಡದಿದ್ದರೆ ಆಮೇಲೆ ತಾನಾಗಿ ಕೆಲವು ಸಲ ಗಕ್ ಗಕ್ ಎಂದು ಎಳೆಯುತ್ತದೆ. ಆಗಲೂ ಗಾಳಿ ಸಾಲದಿದ್ದರೆ ಎರಡನೆಯ ನಿಲುಗಡೆ. ಅಲ್ಲಿಗೆ ಮುಟ್ಟಿದ ಮರಿಗೆ ಎಷ್ಟು ಕಡ್ಡಿ ಹಾಕಿದರೂ ಉತ್ತರ ಬರುವುದಿಲ್ಲ. ಮಾಸ್ಕ್ ಇಟ್ಟು ಗಾಳಿ ಒತ್ತಿ ತುಂಬಲೇಬೇಕು. ಈ ಹಂತಗಳನ್ನು ಆಕ್ಸ್‌ಫರ್ಡ್‌ನ ಜೆಫ್ರಿ ಡಾಸ್ ಮತ್ತು ಜೊತೆಗಾರರು ಕುರಿಮರಿ, ಕೋತಿಮರಿಗಳಲ್ಲಿ ಅಳೆದು ತೋರಿಸಿದರು. ಇವತ್ತು ಮನುಷ್ಯರ ಹೆರಿಗೆ ಕೋಣೆಯಲ್ಲಿ ಕಲಿಸುವುದೂ ಅದನ್ನೇ.

ಹಾಗಾಗಿ ಕಡ್ಡಿ ಹಾಕಿ ಒಂದು ನಿಮಿಷದಲ್ಲಿ ಉತ್ತರ ಬರಲಿಲ್ಲ ಅಂದರೆ ಅದನ್ನೇ ಮುಂದುವರಿಸುತ್ತಾ ಕೂರಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹಸು ಎರಡು ಗಂಟೆ ತಿಣುಕುತ್ತಿದೆ ಅನ್ನುವಾಗಲೇ ಕರೆ ಮಾಡಿದರೆ ಇನ್ನೂ ಒಳ್ಳೆಯದು.

ಗಂಟಲಿನ ಪ್ರಶ್ನೆಯನ್ನು ಮೇಷ್ಟ್ರಿಗೆ ಬಿಡುತ್ತೇನೆ. ಅವರ ಹತ್ತಿರ ಜಾಸ್ತಿ ವಿಷಯ ಇದೆ.

ಫಿಸಿಯಾಲಜಿ ಮೇಷ್ಟ್ರು

ಬನ್ನೂರಿನವರೇ, ನೀವು "ಕೆಮ್ಮಲೇ ಇಲ್ಲ" ಅಂತ ಬರೆದಿರಲ್ಲ, ಇಡೀ ವಿಷಯ ಇರುವುದೇ ಅಲ್ಲಿ. ಕರು ಬಲವಿಲ್ಲದ್ದಕ್ಕೆ ಕೆಮ್ಮಲಿಲ್ಲ ಅಂತ ನೀವು ತಿಳಿದಿರಬಹುದು. ಹಾಗಲ್ಲ. ಎಳೆಯ ಪ್ರಾಣಿಯ ಗಂಟಲಿಗೆ ನೀರು ತಾಗಿದಾಗ ಅದರ ನರಗಳು ಕೊಡುವ ಉತ್ತರವೇ ಬೇರೆ.

ಗರ್ಭದೊಳಗಿನ ಕರುವಿನ ಶ್ವಾಸಕೋಶ ಖಾಲಿ ಇರುವುದಿಲ್ಲ. ಅದರ ತುಂಬ ದ್ರವ ಇರುತ್ತದೆ. ಶ್ವಾಸಕೋಶವೇ ಸುರಿಸುವ ದ್ರವ ಅದು. ಉಪ್ಪುಪ್ಪು, ಕ್ಲೋರೈಡ್ ಜಾಸ್ತಿ. ಗಂಟಲಿನ ಗೂಡು ಆ ದ್ರವಕ್ಕೆ ಒಗ್ಗಿಹೋಗಿರುತ್ತದೆ. ಉಪ್ಪಿಲ್ಲದ ನೀರು ಅಲ್ಲಿಗೆ ತಾಗಿತು ಅಂದರೆ ಅದು ಹೊರಗಿನದು. ಆಗ ಗಂಟಲಿನ ಮೇಲ್ಭಾಗದ ನರ, ಅಂದರೆ ಮಿದುಳಿನ ಬುಡದಿಂದ ಗಂಟಲು, ಗುಂಡಿಗೆ, ಶ್ವಾಸಕೋಶಕ್ಕೆ ಹೋಗುವ ವೇಗಸ್ ನರದ ಒಂದು ಕವಲು, ಮಿದುಳಿನ ಬುಡಕ್ಕೆ ಸುದ್ದಿ ಕಳಿಸುತ್ತದೆ. ಉತ್ತರವಾಗಿ ನಾಲ್ಕು ಕೆಲಸ ಒಟ್ಟಿಗೇ ನಡೆಯುತ್ತವೆ. ಗಂಟಲಿನ ಬಾಗಿಲು ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಮತ್ತೆ ಮತ್ತೆ ನುಂಗುತ್ತದೆ. ಗುಂಡಿಗೆ ನಿಧಾನವಾಗುತ್ತದೆ.

1970ರ ದಶಕದಲ್ಲಿ ಎಳೆ ಕುರಿಮರಿಗಳ ಮೇಲೆ ಈ ಪ್ರಯೋಗ ನಡೆಯಿತು. ಗಂಟಲಿಗೆ ಬರೀ ನೀರು ಬಿಟ್ಟರೆ ಮರಿ ಉಸಿರು ನಿಲ್ಲಿಸಿತು. ಮೈಯ ದ್ರವದಷ್ಟೇ ಉಪ್ಪಿರುವ ನೀರು ಬಿಟ್ಟರೆ ನಿಲ್ಲಿಸಲಿಲ್ಲ. ಎರಡೂ ನೀರೇ, ಎರಡೂ ಅಷ್ಟೇ ಹನಿ. ವ್ಯತ್ಯಾಸ ಉಪ್ಪಿನದು. ಗಂಟಲು ನೀರನ್ನು ಬರೀ ಮುಟ್ಟಿ ನೋಡುತ್ತಿಲ್ಲ, ರುಚಿ ನೋಡುತ್ತಿದೆ ಅನ್ನಬಹುದು.

ಗರ್ಭದೊಳಗೆ ಈ ಏರ್ಪಾಡು ಬಹಳ ಸರಿ. ಅಲ್ಲಿ ಉಸಿರು ನಿಂತರೆ ನಷ್ಟವಿಲ್ಲ, ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತಿರುತ್ತದೆ. ಹೊರಗೆ ಬಂದ ಮೇಲೆ ಬಳ್ಳಿ ಇಲ್ಲ. ನರಗಳು ಮಾತ್ರ ಇನ್ನೂ ಹಳೆಯ ಅಭ್ಯಾಸ ಬಿಟ್ಟಿರುವುದಿಲ್ಲ. ಆರೋಗ್ಯವಾಗಿರುವ ಮರಿ ಎರಡು ಕ್ಷಣ ನಿಲ್ಲಿಸಿ, ನುಂಗಿ, ಮತ್ತೆ ಉಸಿರಾಡುತ್ತದೆ. ಆಮ್ಲಜನಕ ಮೊದಲೇ ಕಡಿಮೆ ಇರುವ, ಸೋತ ಮರಿಯಲ್ಲಿ ಈ ನಿಲುಗಡೆ ಉದ್ದವಾಗುತ್ತದೆ. ದಿನ, ವಾರ ಕಳೆದಂತೆ ಅದೇ ಗಂಟಲು, ಅದೇ ನರ ಕೆಮ್ಮನ್ನು ಮುಂದೆ ತರುತ್ತದೆ. ನಿಮ್ಮ ದೊಡ್ಡ ದನ ಕೆಮ್ಮುವುದು ಅದಕ್ಕೇ.

ನಿಮ್ಮ ಆ ಹೆಣ್ಗರುವಿಗೆ ಏನಾಯಿತು ಎಂದು ಇಷ್ಟು ದೂರದಿಂದ ಖಚಿತವಾಗಿ ಹೇಳುವುದು ಸರಿಯಲ್ಲ. ನೀರು ಶ್ವಾಸಕೋಶಕ್ಕೆ ಇಳಿದೂ ಇರಬಹುದು. ಆದರೆ ನೀವು ಕಂಡಿದ್ದು, ನುಂಗುವುದು, ಉಸಿರು ನಿಲ್ಲುವುದು, ಕೆಮ್ಮು ಇಲ್ಲದಿರುವುದು, ಈ ರಿಫ್ಲೆಕ್ಸಿನ ಚಿತ್ರವೇ.

ಬನ್ನೂರು ಕೊಟ್ಟಿಗೆ

ಮೇಷ್ಟ್ರೇ, ಎರಡು ಸಲ ಓದಿದೆ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ಇಷ್ಟು ದಿನ ಕರು ಸಾಯುವುದಿದ್ದೇ ಸತ್ತಿತು ಅಂದುಕೊಂಡಿದ್ದೆವು. ಹಾಗಾದರೆ ಸೋತ ಕರುವಿಗೆ ಗಿಣ್ಣು ಹಾಲು ಕುಡಿಸುವುದು ಹೇಗೆ? ಕುಡಿಸದಿದ್ದರೂ ಉಳಿಯುವುದಿಲ್ಲ ಅಲ್ವಾ?

ಹಳ್ಳಿ ಪಶುವೈದ್ಯ

ಸರಿಯಾದ ಪ್ರಶ್ನೆ. ಗಿಣ್ಣು ಮೊದಲ ಗಂಟೆಗಳಲ್ಲೇ ಹೊಟ್ಟೆಗೆ ಹೋಗಬೇಕು, ತಡವಾದಷ್ಟೂ ಅದರ ರೋಗ ತಡೆಯುವ ಶಕ್ತಿ ಕರುವಿನ ರಕ್ತಕ್ಕೆ ಸೇರುವುದು ಕಡಿಮೆ.

ಮೊದಲು ನಿಮ್ಮ ಬೆರಳು ತೊಳೆದು ಕರುವಿನ ಬಾಯಿಗೆ ಇಡಿ. ನಾಲಿಗೆ ಸುತ್ತಿ ಚೀಪಿದರೆ ನುಂಗುವುದೂ ಉಸಿರಾಡುವುದೂ ಹೊಂದಿಕೊಂಡು ನಡೆಯುತ್ತಿದೆ ಅಂತ. ಅಂಥ ಕರುವಿಗೆ ನಿಪ್ಪಲ್ ಬಾಟಲಿಯಲ್ಲಿ ಕೊಡಿ. ಕರು ಕೆಚ್ಚಲು ಚೀಪುವಾಗ ಕತ್ತು ಹೇಗೆ ಮುಂದಕ್ಕೆ ಚಾಚುತ್ತದೆ ನೋಡಿ, ಹಾಗೆಯೇ ಇರಲಿ. ಗದ್ದವನ್ನು ಆಕಾಶಕ್ಕೆ ಎತ್ತಬೇಡಿ. ಬೆರಳು ಚೀಪದ ಕರುವಿಗೆ ಬಾಟಲಿಯೂ ಬೇಡ, ಗೊಟ್ಟವಂತೂ ಬೇಡವೇ ಬೇಡ. ಅದಕ್ಕೆ ನಳಿಕೆ ಹಾಕಿ ನೇರ ಹೊಟ್ಟೆಗೆ ಬಿಡಬೇಕು. ಅದನ್ನು ಕಲಿತವರೇ ಮಾಡಬೇಕು.

ಹುಬ್ಬಳ್ಳಿ ಸಿಸ್ಟರ್

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಇದನ್ನು ಓದುತ್ತಾ ನಮ್ಮ ವಾರ್ಡೇ ಕಣ್ಣ ಮುಂದೆ ಬಂತು. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಹಾಲು ಕುಡಿಯುತ್ತಾ ಉಸಿರು ಮರೆತುಬಿಡುತ್ತವೆ. ನಾವು ಹಾಗೇ ಹೇಳುವುದು, "ಮರೆತಿತು" ಅಂತ. ಮಾನಿಟರ್ ಕೂಗುತ್ತದೆ, ಗುಂಡಿಗೆ ಬಡಿತ ಇಳಿಯುತ್ತದೆ. ಬಾಟಲಿ ತೆಗೆದು ಅಂಗಾಲು ತಟ್ಟುತ್ತೇವೆ, ಬೆನ್ನು ಸವರುತ್ತೇವೆ. ಮಗು ಮುಖ ಕಿವುಚಿ ಒಂದು ಉಸಿರೆಳೆಯುತ್ತದೆ. ಆ ಒಂದು ಉಸಿರಿಗೆ ಕಾಯುವ ಹೊತ್ತು ಬಹಳ ಉದ್ದ.

ಹುಟ್ಟಿದ ತಕ್ಷಣ ಮಗುವಿನ ಗಂಟಲಿನ ಆಳಕ್ಕೆ ನಳಿಕೆ ಹಾಕಿ ಲೋಳೆ ಎಳೆಯಬಾರದು ಅಂತ ನಮಗೆ ಕಲಿಸುತ್ತಾರೆ. ವೇಗಸ್ ನರ ಕೆರಳಿ ಗುಂಡಿಗೆ ನಿಧಾನವಾಗುತ್ತದೆ. ಬಾಯಿ, ಮೂಗಿನ ಮುಂಭಾಗ ಸಾಕು. ಕರುವಿಗೂ ಇದೇ ಮಾತಾ ಡಾಕ್ಟ್ರೇ?

ಇಂಥ ಮಕ್ಕಳಿಗೆ ಕೆಫೀನ್ ಕೊಡುತ್ತೇವೆ. ಕಾಫಿಯಲ್ಲಿರುವ ಅದೇ ಕೆಫೀನ್, ಅಳೆದ ಔಷಧಿಯಾಗಿ. ಮಿದುಳಿನ ಬುಡದ ಉಸಿರಿನ ಕೇಂದ್ರ ಅದರಿಂದ ಎಚ್ಚರವಾಗಿರುತ್ತದೆ. ದಯವಿಟ್ಟು ಇದನ್ನು ಓದಿ ಯಾರೂ ಮನೆಯಲ್ಲಿ ಮಗುವಿಗಾಗಲಿ ಕರುವಿಗಾಗಲಿ ಕಾಫಿ ಹಾಕಬೇಡಿ.

ಹಳ್ಳಿ ಪಶುವೈದ್ಯ

ಹೌದು ಸಿಸ್ಟರ್, ಅದೇ ಮಾತು. ಬೆರಳು ನಾಲಿಗೆಯ ಬುಡದವರೆಗೆ ಹೋದರೆ ಸಾಕು, ಗಂಟಲಿನ ಗೂಡಿಗೆ ತಾಗಬಾರದು.

ಕೋಲಾರದ ಹೈನುಗಾರ

ಮೂವತ್ತು ವರ್ಷದಿಂದ ಹಸು ಕಟ್ಟಿದ್ದೇನೆ. ಉಸಿರಿಲ್ಲದ ಕರುವನ್ನು ಹಿಂಗಾಲು ಹಿಡಿದು ತೊಲೆಗೆ ನೇತು ಹಾಕುವುದು ನಮ್ಮಲ್ಲಿ ರೂಢಿ. ಬಾಯಿಂದ ನೀರು ಧಾರೆಯಾಗಿ ಇಳಿಯುತ್ತದೆ, ಕರು ಬದುಕುತ್ತದೆ. ನನ್ನ ಕಣ್ಣಾರೆ ನೋಡಿದ್ದೇನೆ. ಇಲ್ಲಿ ಅದರ ಮಾತೇ ಇಲ್ಲವಲ್ಲ?

ಹಳ್ಳಿ ಪಶುವೈದ್ಯ

ಅಣ್ಣ, ನೀವು ನೋಡಿದ್ದು ಸುಳ್ಳಲ್ಲ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೇತು ಹಾಕಿಸಿದ್ದೇನೆ. ಆದರೆ ಇಳಿಯುವ ಆ ನೀರಿನಲ್ಲಿ ಜಾಸ್ತಿ ಪಾಲು ಹೊಟ್ಟೆಯದು, ಶ್ವಾಸಕೋಶದ್ದಲ್ಲ. ಶ್ವಾಸಕೋಶದ ದ್ರವ ಹೆಚ್ಚಾಗಿ ಹೋಗುವುದು ಒಳಗಿಂದೊಳಗೆ. ಹೆರಿಗೆಯ ಹೊತ್ತಿಗೆ ಶ್ವಾಸಕೋಶ ದ್ರವ ಸುರಿಸುವುದನ್ನು ನಿಲ್ಲಿಸಿ ಹೀರಲು ತೊಡಗುತ್ತದೆ. ಮೊದಲ ಉಸಿರುಗಳು ಉಳಿದದ್ದನ್ನು ಒಳಕ್ಕೆ ತಳ್ಳುತ್ತವೆ.

ತಲೆಕೆಳಗಾಗಿ ನೇತು ಹಾಕಿದಾಗ ಕರುಳು, ಹೊಟ್ಟೆ, ಈಲಿ ಎಲ್ಲದರ ಭಾರ ವಪೆಯ ಮೇಲೆ ಬೀಳುತ್ತದೆ. ಮೊದಲ ಉಸಿರು ಎಳೆಯಬೇಕಾದ ಮುಖ್ಯ ಸ್ನಾಯು ಅದೇ. ಅದರ ಮೇಲೆ ಮೂಟೆ ಹೇರಿ ಎತ್ತು ಅಂದಂತಾಗುತ್ತದೆ. ಬದುಕಿದ ಕರುಗಳು ಎತ್ತುವಾಗಿನ, ಉಜ್ಜುವಾಗಿನ ಸ್ಪರ್ಶದಿಂದ ಉಸಿರೆಳೆದವು ಅಂತ ನನ್ನ ತಿಳಿವಳಿಕೆ. ಮೂಗು ಬಾಯಿಯ ಲೋಳೆ ಇಳಿಯಲಿ ಅಂತ ಕೆಲವೇ ಸೆಕೆಂಡು ಹಿಂಭಾಗ ಎತ್ತಿದರೆ ಸಾಕು, ತಕ್ಷಣ ಇಳಿಸಿ ಎದೆಯ ಮೇಲೆ ಕೂರಿಸಿ.

ಕೋಲಾರದ ಹೈನುಗಾರ

ಡಾಕ್ಟ್ರೇ, ವಪೆಯ ಮೇಲಿನ ಭಾರದ ಮಾತು ಒಪ್ಪುತ್ತೇನೆ. ನೇತು ಹಾಕಿದ ಕರುಗಳೆಲ್ಲ ಉಳಿದಿರಲಿಲ್ಲ ಅನ್ನುವುದೂ ನಿಜ. ಆದರೆ ನಮ್ಮ ಕಡೆ ಹಿರಿಯರ ಮುಂದೆ ಇದನ್ನು ಹೇಳುವುದು ಸುಲಭವಲ್ಲ. ಮುಂದಿನ ಸಲ ಮೊದಲು ಕಡ್ಡಿ ಹಾಕುತ್ತೇನೆ. ಕಿವಿಗೆ ತಣ್ಣೀರು ಹುಯ್ಯುವುದಾದರೂ ಸರಿಯಾ?

ಫಿಸಿಯಾಲಜಿ ಮೇಷ್ಟ್ರು

ಕಿವಿಗೆ, ನೆತ್ತಿಗೆ ಸ್ವಲ್ಪ ತಣ್ಣೀರು ಹಾಕಿದರೆ ಗಕ್ ಎಂದು ಉಸಿರೆಳೆಯುವುದು ನಿಜ. ಚಳಿಗಾಲದಲ್ಲಿ ನಾವು ತಣ್ಣೀರು ಸುರಿದುಕೊಂಡಾಗ ಆಗುವುದು ಅದೇ. ಬೆಚ್ಚಗಿನ ಗರ್ಭದಿಂದ ತಂಪಿಗೆ ಬಂದದ್ದೂ ಮೊದಲ ಉಸಿರಿಗೆ ಒಂದು ತಳ್ಳು.

ಆದರೆ ಮೂತಿಯ ಮೇಲೆ ಹುಯ್ಯಬೇಡಿ. ಅದೇ ಟ್ರೈಜೆಮಿನಲ್ ನರಕ್ಕೆ ಇನ್ನೊಂದು ಕೆಲಸವೂ ಇದೆ. ಮೂಗಿನ ಹೊಳ್ಳೆಯ ಸುತ್ತ ತಣ್ಣೀರು ತಾಗಿದರೆ ಪ್ರಾಣಿ ನೀರಿನಲ್ಲಿ ಮುಳುಗಿದೆ ಅಂತ ಮಿದುಳು ತಿಳಿಯುತ್ತದೆ. ಉಸಿರು ನಿಲ್ಲಿಸಿ ಗುಂಡಿಗೆಯನ್ನು ನಿಧಾನ ಮಾಡುತ್ತದೆ. ಸೀಲ್ ಪ್ರಾಣಿ ಸಮುದ್ರಕ್ಕೆ ಧುಮುಕುವಾಗ ನಡೆಯುವುದು ಇದೇ, ಎಳೆ ಮರಿಗಳಲ್ಲೂ ಇದು ಜೋರಾಗಿದೆ. ಕಡ್ಡಿಯ ಕಚಗುಳಿಗೆ ಉಸಿರು ಬರುತ್ತದೆ, ಮೂತಿಯ ಮೇಲಿನ ನೀರಿಗೆ ಉಸಿರು ನಿಲ್ಲುತ್ತದೆ. ನರ ಒಂದೇ.

ಹಾಕಿದ ನೀರನ್ನು ಕೂಡಲೇ ಒರೆಸಿ. ಒದ್ದೆ ಕರು ಬೇಗ ತಣ್ಣಗಾಗುತ್ತದೆ.

ಬಿವಿಎಸ್ಸಿ ಎರಡನೇ ವರ್ಷ

ಮೇಷ್ಟ್ರೇ, ನಮಗೆ ಹೆರಿಂಗ್-ಬ್ರಾಯರ್ ರಿಫ್ಲೆಕ್ಸ್ ಪಾಠದಲ್ಲಿದೆ. ಶ್ವಾಸಕೋಶ ಹಿಗ್ಗಿದರೆ ಉಸಿರೆಳೆಯುವುದು ನಿಲ್ಲುತ್ತದೆ ಅಂತ ಬರೆದುಕೊಂಡಿದ್ದೇವೆ. ಹೆಡ್ ಅನ್ನುವವರದು ಅದಕ್ಕೆ ಪೂರ್ತಿ ಉಲ್ಟಾ, ಹಿಗ್ಗಿದರೆ ಇನ್ನೂ ಜಾಸ್ತಿ ಎಳೆಯುತ್ತದಂತೆ. ಎಳೆ ಮರಿಗಳಲ್ಲಿ ಎರಡೂ ಇವೆಯಂತೆ. ಒಂದೇ ಶ್ವಾಸಕೋಶದಲ್ಲಿ ಎರಡೂ ಹೇಗೆ?

ಫಿಸಿಯಾಲಜಿ ಮೇಷ್ಟ್ರು

ಇದು ನನಗೆ ಬಹಳ ಇಷ್ಟವಾದ ಕಥೆ. ಸ್ವಲ್ಪ ಉದ್ದ ಬರೆಯುತ್ತೇನೆ.

1868. ವಿಯೆನ್ನಾ. ಎವಾಲ್ಡ್ ಹೆರಿಂಗ್ ಮೇಷ್ಟ್ರು, ಯೋಸೆಫ್ ಬ್ರಾಯರ್ ಇಪ್ಪತ್ತಾರರ ಯುವಕ ವೈದ್ಯ. ಮುಂದೆ ಮನೋವಿಶ್ಲೇಷಣೆಯ ಫ್ರಾಯ್ಡ್ ಜೊತೆ ಹೆಸರಾದ ಬ್ರಾಯರ್ ಇವರೇ. ಪ್ರಾಣಿಯ ಶ್ವಾಸಕೋಶಕ್ಕೆ ಗಾಳಿ ತುಂಬಿ ಹಿಡಿದರೆ ಅದು ಉಸಿರೆಳೆಯುವುದನ್ನು ನಿಲ್ಲಿಸುತ್ತದೆ, ಗಾಳಿ ಹೀರಿ ತೆಗೆದರೆ ಕೂಡಲೇ ಎಳೆಯುತ್ತದೆ ಅಂತ ಅವರು ಕಂಡರು. ಕತ್ತಿನ ಎರಡೂ ಬದಿಯ ವೇಗಸ್ ನರ ಕತ್ತರಿಸಿದರೆ ಇದೆಲ್ಲ ಮಾಯ. ಉಸಿರು ನಿಧಾನವಾಗಿ, ಆಳವಾಗಿ ನಡೆಯತೊಡಗಿತು. ಅಂದರೆ ಶ್ವಾಸಕೋಶ "ಸಾಕು" ಅನ್ನುವುದು ವೇಗಸ್ ನರದ ಮೂಲಕ.

ದೊಡ್ಡ ಮನುಷ್ಯರಲ್ಲಿ ಸುಮ್ನೆ ಕೂತಾಗ ಈ "ಸಾಕು" ಹೆಚ್ಚು ಕೆಲಸ ಮಾಡುವುದಿಲ್ಲ. ಬಹಳ ಆಳದ ಉಸಿರಿಗೆ ಮಾತ್ರ. ನವಜಾತರಲ್ಲಿ ಪ್ರತಿ ಉಸಿರಿಗೂ ಕೆಲಸ ಮಾಡುತ್ತದೆ. ಅವುಗಳ ಪಕ್ಕೆಲುಬು ಮೆತ್ತಗೆ, ಎದೆಗೂಡು ಸುಲಭವಾಗಿ ಕುಗ್ಗುತ್ತದೆ. ಹಾಗಾಗಿ "ಕುಗ್ಗಿತು, ಎಳೆ" ಅನ್ನುವ ಸುದ್ದಿಯೂ ಜೋರು. ಈ ಎರಡರ ನಡುವೆ ಉಸಿರು ಬೇಗ ಬೇಗ, ಚಿಕ್ಕ ಚಿಕ್ಕದಾಗಿ ನಡೆಯುತ್ತದೆ. ಹೊಸದಾಗಿ ಹುಟ್ಟಿದ ಕರು ಅಷ್ಟು ವೇಗವಾಗಿ ಉಸಿರಾಡುವುದಕ್ಕೆ ಇದೂ ಒಂದು ಕಾರಣ.

1889ರಲ್ಲಿ ಹೆನ್ರಿ ಹೆಡ್ ಮೊಲಗಳಲ್ಲಿ ವೇಗಸ್ ನರವನ್ನು ಕತ್ತರಿಸದೆ ತಣ್ಣಗೆ ಮಾಡಿ ಅರ್ಧ ಮಲಗಿಸಿದರು. ನರ ಮತ್ತೆ ಬೆಚ್ಚಗಾಗುವ ಒಂದು ಹಂತದಲ್ಲಿ ಗಾಳಿ ತುಂಬಿದರೆ ಮೊಲ ನಿಲ್ಲಿಸುವ ಬದಲು ಇನ್ನೂ ಜೋರಾಗಿ ಉಸಿರೆಳೆಯಿತು. ಎಲ್ಲರಿಗೂ ಗೊಂದಲ. ಮುಂದೆ ನವಜಾತ ಶಿಶುಗಳಲ್ಲಿ ನರ ಮುಟ್ಟದೆಯೇ ಇದು ಕಂಡಿತು. ಮುಚ್ಚಿಕೊಂಡ ಶ್ವಾಸಕೋಶಕ್ಕೆ ಸ್ವಲ್ಪ ಗಾಳಿ ಒತ್ತಿ ಕೊಟ್ಟರೆ ಮಗು ತಾನಾಗಿ ಗಕ್ ಎಂದು ದೊಡ್ಡ ಉಸಿರು ಎಳೆಯುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ವೇಗಸ್ ನರದೊಳಗೆ ಒಂದೇ ಥರದ ಎಳೆಗಳಿಲ್ಲ. ನಿಧಾನವಾಗಿ ಹಿಗ್ಗುವುದನ್ನು ಅಳೆಯುವ ಎಳೆಗಳು "ಸಾಕು" ಅನ್ನುತ್ತವೆ. ಒಮ್ಮೆಗೇ ಹಿಗ್ಗುವುದಕ್ಕೆ ಚುರುಕಾಗುವ ಎಳೆಗಳು "ಇನ್ನೂ" ಅನ್ನುತ್ತವೆ. ಮೊದಲ ಉಸಿರುಗಳಲ್ಲಿ ಅಂಟಿಕೊಂಡ ಗಾಳಿಚೀಲಗಳನ್ನು ಬಿಡಿಸಲು ಆ "ಇನ್ನೂ" ಬೇಕೇ ಬೇಕು. ಮಾಸ್ಕಿನಲ್ಲಿ ಒಂದೆರಡು ಸಲ ಗಾಳಿ ಒತ್ತಿದ ಮೇಲೆ ಕರು ತಾನೇ ಉಸಿರೆಳೆಯುವುದನ್ನು ಡಾಕ್ಟ್ರು ನೋಡಿರುತ್ತಾರೆ.

ಹಿಗ್ಗುವುದನ್ನು ಅಳೆಯುವ ಆ ಪ್ರೋಟೀನ್ ಯಾವುದು ಅಂತ ತಿಳಿಯಲು ಬಹಳ ಕಾಲ ಬೇಕಾಯಿತು. 2017ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ ಪಿಯೆಜೊ2 ಅಂತ ತೋರಿಸಿತು. ಬೆರಳ ತುದಿಯ ನವಿರು ಸ್ಪರ್ಶವನ್ನು ತಿಳಿಸುವುದೂ ಇದೇ ಪ್ರೋಟೀನ್. ಇದು ಇಲ್ಲದೆ ಹುಟ್ಟಿದ ಇಲಿಮರಿಗಳು ಉಸಿರಾಡಲು ಕಷ್ಟಪಟ್ಟು ಒಂದು ದಿನದೊಳಗೆ ಸತ್ತವು. ದೊಡ್ಡ ಇಲಿಗಳಲ್ಲಿ ಆಮೇಲೆ ತೆಗೆದರೆ ಅವು ಬದುಕಿದವು. ಹುಟ್ಟಿದ ದಿನ ವೇಗಸ್ ನರ ಎಷ್ಟು ಬೇಕು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. 2021ರ ನೊಬೆಲ್ ಪಟಪೂಟಿಯನ್ ಮತ್ತು ಡೇವಿಡ್ ಜೂಲಿಯಸ್ ಅವರಿಗೆ ಬಂತು.

ನಮ್ಮವರನ್ನೂ ನೆನೆಯಬೇಕು. ಅವತಾರ್ ಸಿಂಗ್ ಪೈಂಟಾಲ್ 1955ರಲ್ಲಿ ಬೆಕ್ಕಿನ ವೇಗಸ್ ನರದ ಒಂದೊಂದೇ ಎಳೆಯ ಸದ್ದು ಹಿಡಿದು, ಶ್ವಾಸಕೋಶದ ರಕ್ತನಾಳಗಳ ಪಕ್ಕದಲ್ಲಿ ಇನ್ನೊಂದು ಬಗೆಯ ನರತುದಿಗಳಿವೆ ಅಂತ ತೋರಿಸಿದರು. ಜೆ ರಿಸೆಪ್ಟರ್ ಅಂತ ಜಗತ್ತೆಲ್ಲ ಓದುವುದು ಅದನ್ನೇ. ಅಲ್ಲಿ ನೀರು ತುಂಬತೊಡಗಿದರೆ ಅವು ಕೆರಳಿ ಉಸಿರು ಚಿಕ್ಕದಾಗಿ ಬಿರುಸಾಗುತ್ತದೆ. ಮುಂದೆ ಅವರು ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯನ್ನು ನಡೆಸಿದರು.

ಬಿವಿಎಸ್ಸಿ ಎರಡನೇ ವರ್ಷ

ತುಂಬಾ ಧನ್ಯವಾದ ಮೇಷ್ಟ್ರೇ. ಇನ್ನೊಂದೇ ಪ್ರಶ್ನೆ. ಇಷ್ಟೊಂದು ನರಗಳು ನಿಲ್ಲಿಸು, ಎಳೆ ಅಂತ ಹೇಳುತ್ತವೆ. ತಾಳ ಹಾಕುವವರು ಯಾರು?

ಫಿಸಿಯಾಲಜಿ ಮೇಷ್ಟ್ರು

ಅದನ್ನು ಹೇಳಿಕೊಟ್ಟದ್ದೂ ಎಳೆ ಪ್ರಾಣಿಯೇ. 1991ರಲ್ಲಿ ಜೆಫ್ರಿ ಸ್ಮಿತ್, ಜಾಕ್ ಫೆಲ್ಡ್‌ಮನ್ ಮತ್ತು ಜೊತೆಗಾರರು ಹೊಸದಾಗಿ ಹುಟ್ಟಿದ ಇಲಿಯ ಮಿದುಳಿನ ಬುಡದಿಂದ ತೆಳುವಾದ ಒಂದು ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಟ್ಟರು. ಮೈ ಇಲ್ಲ, ಶ್ವಾಸಕೋಶ ಇಲ್ಲ. ಆದರೂ ಆ ಬಿಲ್ಲೆ ಉಸಿರಿನ ತಾಳ ಹಾಕುತ್ತಲೇ ಇತ್ತು. ಆ ಜಾಗದ ಹೆಸರು ಪ್ರೀ-ಬೋಟ್ಸಿಂಗರ್. ಎಳೆ ಮಿದುಳು ಚಿಕ್ಕದು, ಕಡಿಮೆ ಆಮ್ಲಜನಕದಲ್ಲೂ ಜಾಸ್ತಿ ಹೊತ್ತು ಬಾಳುತ್ತದೆ. ಅದಕ್ಕೇ ಈ ಪ್ರಯೋಗ ಎಳೆ ಇಲಿಯಲ್ಲಿ ಸಾಧ್ಯವಾಯಿತು. ಎಳೆಯದರ ಈ ತಾಳಿಕೆಯನ್ನು ರಾಬರ್ಟ್ ಬಾಯ್ಲ್ 1670ರಲ್ಲೇ ಕಂಡಿದ್ದರು. ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ಆಗಷ್ಟೇ ಹುಟ್ಟಿದ ಬೆಕ್ಕಿನ ಮರಿ ಬೇರೆ ಪ್ರಾಣಿಗಳಿಗಿಂತ ಹೆಚ್ಚು ಹೊತ್ತು ಜೀವ ಹಿಡಿದುಕೊಂಡಿತ್ತು.

ತಾಳ ಮಿದುಳಿನದು. ಅದನ್ನು ಬೇಗ ಮಾಡು, ನಿಲ್ಲಿಸು, ಎಬ್ಬಿಸು ಅನ್ನುವುದು ಈ ನರಗಳ ಕೆಲಸ.

ನಾಟಿ ಕೋಳಿ ಅಕ್ಕ

ನಮ್ಮ ಕಾವು ಕೂತ ಕೋಳಿಯ ಕೆಳಗಿನ ಮೊಟ್ಟೆ ಕಿವಿಗೆ ಹಿಡಿದರೆ ಒಡೆಯುವ ಹಿಂದಿನ ದಿನವೇ ಒಳಗಿಂದ ಚಿಂವ್ ಅನ್ನುತ್ತದೆ. ಮೊಟ್ಟೆ ಬಿರುಕು ಬಿಟ್ಟಿರುವುದಿಲ್ಲ. ಅದು ಉಸಿರಾಡುತ್ತಿರುತ್ತದಾ?

ಹಳ್ಳಿ ಪಶುವೈದ್ಯ

ಹೌದು ಅಕ್ಕ. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಗೂಡು ಇದೆಯಲ್ಲ, ಮರಿ ಮೊದಲು ಕೊಕ್ಕಿನಿಂದ ಅದರ ಪೊರೆ ತೂತು ಮಾಡಿ ಅಲ್ಲಿನ ಗಾಳಿ ಎಳೆಯುತ್ತದೆ. ಚಿಪ್ಪು ಒಡೆಯುವುದು ಆಮೇಲೆ. ಕರುವಿಗೆ ನಿಮಿಷದಲ್ಲಿ ಆಗಬೇಕಾದ ಬದಲಾವಣೆ ಕೋಳಿಮರಿಗೆ ಒಂದು ದಿನದಲ್ಲಿ ಆಗುತ್ತದೆ. ಅವಸರ ಮಾಡಿ ಚಿಪ್ಪು ಬಿಡಿಸಬೇಡಿ.

ಮುಧೋಳ ನಾಯಿ ಸಾಕುವವ

ನಮ್ಮ ಹೆಣ್ಣುನಾಯಿಗೆ ಆಪರೇಷನ್ ಮಾಡಿ ಮರಿ ತೆಗೆದರು. ಒಂದು ಮರಿ ಉಸಿರಾಡಲಿಲ್ಲ. ಅಲ್ಲಿದ್ದ ಒಬ್ಬರು ಅದನ್ನು ಅಂಗೈಯಲ್ಲಿ ಹಿಡಿದು ತಲೆಕೆಳಗೆ ಬೀಸಿದರು. ಮರಿ ಉಳಿಯಲಿಲ್ಲ. ಬೀಸುವುದು ಸರಿಯಾದ ಕ್ರಮವಾ?

ಹಳ್ಳಿ ಪಶುವೈದ್ಯ

ಕೇಳಿ ಬೇಸರವಾಯಿತು. ಬೀಸುವುದು ಹಿಂದೆ ಎಲ್ಲ ಕಡೆ ಮಾಡುತ್ತಿದ್ದರು. ಈಗ ಬೇಡ ಅನ್ನುತ್ತೇವೆ. ಎಳೆ ಮರಿಯ ಮಿದುಳಿಗೆ ಪೆಟ್ಟಾಗಿ ಒಳಗೆ ರಕ್ತ ಸೋರಬಹುದು. ಒಣ ಬಟ್ಟೆಯಲ್ಲಿ ಉಜ್ಜುವುದು, ಬಾಯಿ ಮೂಗು ಒರೆಸುವುದು, ಬೇಕಾದರೆ ಚಿಕ್ಕ ಮಾಸ್ಕಿನಲ್ಲಿ ಗಾಳಿ. ಮೂಗಿನ ಕೆಳಗೆ ತುಟಿ ಸೀಳುವ ಜಾಗದಲ್ಲಿ ಸಣ್ಣ ಸೂಜಿ ಚುಚ್ಚಿ ಉಸಿರು ಕೆರಳಿಸುವ ವೈದ್ಯರೂ ಇದ್ದಾರೆ. ತಾಯಿಗೆ ಕೊಟ್ಟ ಅರಿವಳಿಕೆ ಮರಿಗೂ ತಾಗಿರುತ್ತದೆ, ಆಗ ಈ ರಿಫ್ಲೆಕ್ಸ್‌ಗಳೆಲ್ಲ ಮಂಕಾಗಿರುತ್ತವೆ. ಆಪರೇಷನ್ ಮರಿಗಳಿಗೆ ಜಾಸ್ತಿ ಹೊತ್ತು ಉಜ್ಜಬೇಕಾಗುವುದು ಅದಕ್ಕೆ.

ಹುಬ್ಬಳ್ಳಿ ಸಿಸ್ಟರ್

ಮೇಷ್ಟ್ರೇ, ಮನೆಗೆ ಹೋಗುವ ತಾಯಂದಿರಿಗೆ ಮಗುವನ್ನು ಅಂಗಾತ ಮಲಗಿಸಿ, ಅತಿಯಾಗಿ ಹೊದಿಸಬೇಡಿ ಅಂತ ಹೇಳುತ್ತೇವೆ. ಹೊದಿಕೆಗೂ ಈ ಗಂಟಲಿನ ರಿಫ್ಲೆಕ್ಸಿಗೂ ಸಂಬಂಧ ಇದೆಯಾ?

ಫಿಸಿಯಾಲಜಿ ಮೇಷ್ಟ್ರು

ಇದೆ ಸಿಸ್ಟರ್. ಎಳೆ ಹಂದಿಮರಿಗಳ ಮೈ ಬಿಸಿ ಏರಿಸಿ ಗಂಟಲಿಗೆ ಒಂದು ಹನಿ ನೀರು ಬಿಟ್ಟಾಗ ಉಸಿರಿನ ನಿಲುಗಡೆ ಉದ್ದವಾಯಿತು. ಮಲಗಿದ ಮಗು ತಟ್ಟನೆ ಸಾಯುವ ಪ್ರಕರಣಗಳಿಗೆ ಒಂದೇ ಕಾರಣ ಅಂತ ಹೇಳಲಾಗದು, ಆದರೆ ನಿಮ್ಮ ಮಾತಿಗೆ ಇದೂ ಒಂದು ಆಧಾರ. ದಯವಿಟ್ಟು ಹೇಳುತ್ತಲೇ ಇರಿ.

ಬನ್ನೂರು ಕೊಟ್ಟಿಗೆ

ಎಲ್ಲರಿಗೂ ಕೈಮುಗಿಯುತ್ತೇನೆ. ದೊಡ್ಡಪ್ಪನಿಗೆ ಡಾಕ್ಟ್ರ ನಮಸ್ಕಾರ ತಿಳಿಸಿದೆ. ಅವರ ಅಪ್ಪ ಕುರಿಮರಿಗಳಿಗೆ ಮಾಡುತ್ತಿದ್ದುದನ್ನು ನೋಡಿ ಕಲಿತದ್ದಂತೆ. ಗೊಟ್ಟವನ್ನು ಅಟ್ಟಕ್ಕೆ ಹಾಕಿದ್ದೇನೆ, ನಿಪ್ಪಲ್ ಬಾಟಲಿ ತಂದಿದ್ದೇನೆ.

ಒಂದು ಅನುಮಾನ ಉಳಿದಿದೆ. ಆ ರಾತ್ರಿ ಮಗಳು ಫೋನಿನಲ್ಲಿ ವಿಡಿಯೋ ಮಾಡಿದ್ದಳು. ಇವತ್ತು ಕೂತು ಅವಳೇ ಎಣಿಸಿದಳು. ಹುಟ್ಟಿ ಅರ್ಧ ಗಂಟೆಗೆ ಕರು ನಿಮಿಷಕ್ಕೆ 62 ಸಲ ಉಸಿರಾಡಿದೆ. ನಡುವೆ ಒಂದು ಕಡೆ ನಾಲ್ಕು ಸೆಕೆಂಡು ಪಕ್ಕೆ ಅಲ್ಲಾಡುವುದಿಲ್ಲ. ಆಮೇಲೆ ಒಂದು ದೊಡ್ಡ ಉಸಿರು, ಮತ್ತೆ ಚಿಕ್ಕ ಚಿಕ್ಕವು. "ಅಪ್ಪಾ, ಇಲ್ಲಿ ಮರೆತಿದೆ ನೋಡು" ಅಂದಳು. ಅದು ಸರಿಯಾ?

ಹಳ್ಳಿ ಪಶುವೈದ್ಯ

ಸರಿ ಇದೆ. ಮೊದಲ ಗಂಟೆಯಲ್ಲಿ 50ರಿಂದ 70 ಇರುತ್ತದೆ, ದಿನ ಕಳೆದಂತೆ ಇಳಿಯುತ್ತದೆ. ಎಳೆಯವುಗಳ ಉಸಿರು ಹೀಗೆ ಏರುಪೇರು. ನಾಲಿಗೆ, ವಸಡು ಗುಲಾಬಿ ಬಣ್ಣ ಇದ್ದು, ನಾಲ್ಕೈದು ಸೆಕೆಂಡಿಗೆ ತಾನೇ ಶುರು ಮಾಡಿದರೆ ಗಾಬರಿ ಬೇಡ. ವಸಡು ನೀಲಿಯಾದರೆ ಅಥವಾ ಪ್ರತಿ ಉಸಿರಿಗೂ ನರಳಿದರೆ ಕರೆ ಮಾಡಿ. ಆ ದೊಡ್ಡ ಉಸಿರು ಮುಚ್ಚಿದ ಗಾಳಿಚೀಲಗಳನ್ನು ಬಿಡಿಸುತ್ತದೆ, ಮೇಷ್ಟ್ರು ಹೇಳಿದ "ಇನ್ನೂ". ಮಗಳಿಗೆ ಹೇಳಿ, ಚೆನ್ನಾಗಿ ಎಣಿಸಿದ್ದಾಳೆ. ಆ ವಿಡಿಯೋ ಅಳಿಸಬೇಡಿ.